ಆ ಅಂಕ ನಿನ್ನದಲ್ಲ

ಗೋಣಿಕೊಪ್ಪಲು

ಪ್ರಿಯ ಗೆಳತಿ,

ನಿನ್ನ ಪತ್ರ ತಲುಪಿತು. ಕಂಪನಿಯವರು ಎಲ್ಲರಿಗೂ ‘ಅರಿವಿಲ್ಲದ ಪೂರ್ವಗ್ರಹ’ದ ಪರೀಕ್ಷೆ ಇಟ್ಟರು, ಹತ್ತು ನಿಮಿಷ ಕೀಲಿಮಣೆ ಒತ್ತಿದ ಮೇಲೆ ಪರದೆಯಲ್ಲಿ ಒಂದು ವಾಕ್ಯ ಮೂಡಿತು, ಗಂಡಸರನ್ನು ಉದ್ಯೋಗದ ಜೊತೆಗೂ ಹೆಂಗಸರನ್ನು ಸಂಸಾರದ ಜೊತೆಗೂ ಜೋಡಿಸುವ ಒಲವು ನಿನ್ನಲ್ಲಿ ‘ಮಧ್ಯಮ’ ಪ್ರಮಾಣದಲ್ಲಿದೆ ಎಂದು. ಅದನ್ನು ಓದಿದ ದಿನ ರಾತ್ರಿ ನಿದ್ದೆ ಬರಲಿಲ್ಲ ಎಂದು ಬರೆದಿದ್ದೀಯ. ಹೆಣ್ಣುಮಕ್ಕಳಿಗೆ ಬಡ್ತಿ ಸಿಗಲಿ ಎಂದು ಮೇಲಿನವರೊಡನೆ ಜಗಳವಾಡಿದವಳು ನೀನು. ‘ಒಳಗೊಳಗೇ ನಾನೂ ಅವರ ಹಾಗೇನಾ?’ ಎಂದು ಕೇಳಿದ್ದೀಯ.

ನೇರವಾಗಿ ಹೇಳಿಬಿಡುತ್ತೇನೆ. ಆ ಅಂಕವನ್ನು ಹಿಡಿದುಕೊಂಡು ನಿನ್ನ ಬಗ್ಗೆ ನೀನೇ ತೀರ್ಪು ಬರೆದುಕೊಳ್ಳಬೇಡ. ಒಬ್ಬ ಮನುಷ್ಯನ ಮನಸ್ಸನ್ನು ಹೇಳುವಷ್ಟು ಗಟ್ಟಿಯಲ್ಲ ಆ ಪರೀಕ್ಷೆ. ಹಾಗೆಂದು ಅದು ಬರೀ ಬುರುಡೆ ಎಂದು ತಳ್ಳಿಹಾಕುವವರ ಜೊತೆಗೂ ನಾನಿಲ್ಲ. ಅದು ಹೇಳುವ ನಿಜ ಒಂದಿದೆ, ಆದರೆ ಅದು ನಿನ್ನ ಕುರಿತದ್ದಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪತ್ರ ಉದ್ದವಾದರೆ ಬೇಸರ ಮಾಡಿಕೊಳ್ಳಬೇಡ.

ನೀನು ಬರೆದದ್ದು ಇಂಪ್ಲಿಸಿಟ್ ಅಸೋಸಿಯೇಷನ್ ಟೆಸ್ಟ್, ಚಿಕ್ಕದಾಗಿ ಐಎಟಿ. 1998ರಲ್ಲಿ ಅಮೆರಿಕದ ಆಂಥೊನಿ ಗ್ರೀನ್‌ವಾಲ್ಡ್ ಮತ್ತು ಅವರ ಇಬ್ಬರು ಜೊತೆಗಾರರು ಇದರ ಮೊದಲ ಪ್ರಬಂಧ ಪ್ರಕಟಿಸಿದರು. ಇದನ್ನು ಲೋಕಕ್ಕೆಲ್ಲ ಪರಿಚಯಿಸಿದವರಲ್ಲಿ ಮುಖ್ಯರು ಮಹಜರೀನ್ ಬಾನಾಜಿ. ನಮ್ಮ ನೆರೆಯ ಸಿಕಂದರಾಬಾದಿನ ಪಾರ್ಸಿ ಮನೆತನದ ಹೆಣ್ಣುಮಗಳು, ಉಸ್ಮಾನಿಯಾದಲ್ಲಿ ಓದಿ ಅಮೆರಿಕಕ್ಕೆ ಹೋಗಿ ಹಾರ್ವರ್ಡಿನಲ್ಲಿ ಪ್ರಾಧ್ಯಾಪಕಿಯಾದವರು. ಬ್ರಯನ್ ನೊಸೆಕ್ ಜೊತೆಗೂಡಿ ಇವರು ಪರೀಕ್ಷೆಯನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಮುಕ್ತವಾಗಿಟ್ಟರು. ಅಲ್ಲಿಂದ ಕೋಟಿಗಟ್ಟಲೆ ಜನ ಅದನ್ನು ತೆಗೆದುಕೊಂಡಿದ್ದಾರೆ.

ಅದರ ಒಳಗಿನ ಕೆಲಸ ಸರಳ. ಒಂದು ಸುತ್ತಿನಲ್ಲಿ ಗಂಡಸಿನ ಹೆಸರು ಬಂದರೂ ‘ಸಂಬಳ’, ‘ಕಚೇರಿ’ಯಂಥ ಪದ ಬಂದರೂ ಎಡಗೈ ಕೀಲಿ ಒತ್ತಬೇಕು, ಹೆಂಗಸಿನ ಹೆಸರಿಗೂ ‘ಮಕ್ಕಳು’, ‘ಅಡುಗೆ’ಯಂಥ ಪದಕ್ಕೂ ಬಲಗೈ ಕೀಲಿ. ಇನ್ನೊಂದು ಸುತ್ತಿನಲ್ಲಿ ಜೋಡಿ ಅದಲುಬದಲು. ಮೊದಲನೆಯದರಲ್ಲಿ ಬೆರಳು ಸರಸರ ಓಡಿ ಎರಡನೆಯದರಲ್ಲಿ ತಡವರಿಸಿದರೆ, ಆ ತಡವರಿಕೆಯನ್ನು ಸೆಕೆಂಡಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ಅಳೆಯುತ್ತಾರೆ. ಎರಡು ಸುತ್ತುಗಳ ನಡುವಿನ ವ್ಯತ್ಯಾಸವನ್ನು ನಿನ್ನದೇ ವೇಗದ ಏರುಪೇರಿನಿಂದ ಭಾಗಿಸಿದರೆ ಒಂದು ಸಂಖ್ಯೆ ಬರುತ್ತದೆ. ಅದು 0.15 ದಾಟಿದರೆ ‘ಅಲ್ಪ’, 0.35 ದಾಟಿದರೆ ‘ಮಧ್ಯಮ’, 0.65 ದಾಟಿದರೆ ‘ಪ್ರಬಲ’. ನಿನ್ನ ನಿದ್ದೆ ಕೆಡಿಸಿದ ‘ಮಧ್ಯಮ’ ಹುಟ್ಟಿದ್ದು ಹೀಗೆ. ಆ ಗೆರೆಗಳನ್ನು ಎಳೆದವರು ಸಂಶೋಧಕರೇ. 0.35 ದಾಟಿದವರು ಹೆಣ್ಣುಮಕ್ಕಳ ಬಡ್ತಿಗೆ ಅಡ್ಡಗಾಲು ಹಾಕುತ್ತಾರೆ, ದಾಟದವರು ಹಾಕುವುದಿಲ್ಲ ಎಂದು ಜನರ ನಡವಳಿಕೆ ನೋಡಿ ಎಳೆದ ಗೆರೆ ಅದಲ್ಲ.

ಮೊದಲ ತೊಡಕು ಇಲ್ಲಿದೆ. ಒಬ್ಬರೇ ಈ ಪರೀಕ್ಷೆಯನ್ನು ಎರಡು ಸಲ ತೆಗೆದುಕೊಂಡರೆ ಎರಡು ಅಂಕಗಳೂ ಎಷ್ಟರ ಮಟ್ಟಿಗೆ ಹೊಂದುತ್ತವೆ? ಪೂರ್ತಿ ಹೊಂದಿದರೆ 1, ಸಂಬಂಧವೇ ಇಲ್ಲದಿದ್ದರೆ 0 ಎಂದಿಟ್ಟುಕೊಂಡರೆ ಐಎಟಿಯ ಸರಾಸರಿ ಸುಮಾರು 0.5. ಒಬ್ಬ ವ್ಯಕ್ತಿಯ ಬಗ್ಗೆ ನಿರ್ಧಾರ ಮಾಡಲು ಬಳಸುವ ಪರೀಕ್ಷೆಗಳಲ್ಲಿ ಮನಶ್ಶಾಸ್ತ್ರದವರು ಬಯಸುವುದು 0.8, 0.9. ನಮ್ಮೂರಿನ ಕಾಫಿ ವ್ಯಾಪಾರಿಗಳ ಹತ್ತಿರ ತೇವಾಂಶ ನೋಡುವ ಮೀಟರ್ ಇರುತ್ತದಲ್ಲ. ರೊಬಸ್ಟಾ ಚೆರಿ ಶೇಕಡಾ 11ಕ್ಕೆ ಬಂದರೆ ಒಣಗಿದೆ ಎಂದು ಲೆಕ್ಕ. ಒಂದೇ ಮೂಟೆಗೆ ಬೆಳಿಗ್ಗೆ 10 ಸಂಜೆ 14 ತೋರಿಸುವ ಮೀಟರನ್ನು ನಂಬಿ ಆ ಮೂಟೆಯ ದರ ಕಟ್ಟಲು ನಿನ್ನ ಅಪ್ಪ ಒಪ್ಪುತ್ತಿದ್ದರೇ? ಆದರೆ ಅದೇ ಮೀಟರನ್ನು ಸಾವಿರ ಮೂಟೆಗಳಿಗೆ ಹಿಡಿದು ಸರಾಸರಿ ತೆಗೆದರೆ, ಈ ವರ್ಷ ಕಣಕ್ಕೆ ಬಿಸಿಲು ಸಾಲಲಿಲ್ಲ ಎಂಬ ಮಾತು ಸುಳ್ಳಾಗುವುದಿಲ್ಲ. ಒಂದೊಂದು ಅಳತೆಯ ತಪ್ಪುಗಳು ಒಂದನ್ನೊಂದು ಹೊಡೆದುಹಾಕಿ ಒಟ್ಟು ಹವೆ ಉಳಿದುಕೊಳ್ಳುತ್ತದೆ. ಐಎಟಿ ಅಂಥ ಮೀಟರು.

ಎರಡನೆಯ ತೊಡಕು ಇದಕ್ಕಿಂತ ದೊಡ್ಡದು. ಅಂಕ ಹೆಚ್ಚು ಬಂದವರು ನಿಜ ಜೀವನದಲ್ಲಿ ಹೆಚ್ಚು ತಾರತಮ್ಯ ಮಾಡುತ್ತಾರೆಯೇ? 2009ರಲ್ಲಿ ಗ್ರೀನ್‌ವಾಲ್ಡ್ ತಂಡ ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ, ಅಂಕಕ್ಕೂ ವರ್ತನೆಗೂ ಇರುವ ಸಂಬಂಧ ಸುಮಾರು 0.27 ಎಂದಿತು. 2013ರಲ್ಲಿ ಫ್ರೆಡರಿಕ್ ಆಸ್ವಾಲ್ಡ್ ಮತ್ತು ಸಂಗಡಿಗರು ಜನಾಂಗಕ್ಕೆ ಸಂಬಂಧಿಸಿದ ಅಧ್ಯಯನಗಳನ್ನು ಮತ್ತೆ ಲೆಕ್ಕಹಾಕಿದಾಗ ಅದು 0.15ರ ಆಸುಪಾಸಿಗೆ ಇಳಿಯಿತು. ಅಂದರೆ ಜನರ ನಡವಳಿಕೆಯಲ್ಲಿ ಕಾಣುವ ಏರುಪೇರಿನ ಪೈಕಿ ನೂರರಲ್ಲಿ ಎರಡು ಪಾಲನ್ನಷ್ಟೇ ಅಂಕ ವಿವರಿಸುತ್ತದೆ. ಜಗಳ ಇನ್ನೂ ನಡೆದಿದೆ. ಆದರೆ 2015ರಲ್ಲಿ ಗ್ರೀನ್‌ವಾಲ್ಡ್, ಬಾನಾಜಿ, ನೊಸೆಕ್ ಮೂವರೂ ಸೇರಿ ಒಂದು ಮಾತನ್ನು ಒಪ್ಪಿಕೊಂಡು ಬರೆದರು: ಇಂಥವರು ತಾರತಮ್ಯ ಮಾಡುವವರು ಎಂದು ವ್ಯಕ್ತಿಗಳನ್ನು ವಿಂಗಡಿಸಲು ಈ ಪರೀಕ್ಷೆ ಬಳಸುವುದು ಸರಿಯಲ್ಲ. ಪರೀಕ್ಷೆ ಕಟ್ಟಿದವರೇ ಹೀಗೆಂದ ಮೇಲೆ ನಿನ್ನ ಕಂಪನಿಗೆ ನಿನ್ನ ಕೈಗೆ ಆ ವಾಕ್ಯ ಕೊಡುವ ಅಧಿಕಾರ ಎಲ್ಲಿಂದ ಬಂತು? ಅದೇ ಬರಹದಲ್ಲಿ ಅವರು ಇನ್ನೊಂದು ಮಾತೂ ಹೇಳಿದ್ದಾರೆ. ಸಣ್ಣ ಒಲವೂ ಲಕ್ಷಾಂತರ ನಿರ್ಧಾರಗಳಲ್ಲಿ ಸೇರಿಕೊಂಡಾಗ ಸಮಾಜದ ಮಟ್ಟದಲ್ಲಿ ದೊಡ್ಡದಾಗುತ್ತದೆ ಎಂದು. ಅದೂ ನಿಜವೇ.

ಇಷ್ಟಕ್ಕೂ ಆ ತಡವರಿಕೆ ಎಂದರೇನು? ಕೊಡಗು ಎಂದ ಕೂಡಲೆ ಕನ್ನಡಿಗರಿಗೆ ಕಾಫಿ, ಹಾಕಿ, ಕಾರ್ಯಪ್ಪ, ತಿಮ್ಮಯ್ಯ ನೆನಪಾಗುತ್ತಾರೆ. ಅದು ಪ್ರೀತಿಯೂ ಅಲ್ಲ, ದ್ವೇಷವೂ ಅಲ್ಲ, ಹುಟ್ಟಿದಂದಿನಿಂದ ಕಿವಿಗೆ ಬಿದ್ದದ್ದು. ಪಠ್ಯಪುಸ್ತಕದ ಚಿತ್ರದಲ್ಲಿ ಅಪ್ಪ ಕಚೇರಿಗೆ ಹೊರಟು ಅಮ್ಮ ಒಲೆ ಮುಂದೆ ಕುಳಿತಿರುವುದನ್ನು ನೋಡುತ್ತ ಬೆಳೆದ ಹುಡುಗಿಯ ಬೆರಳು ಆ ಜೋಡಿಗೆ ಬೇಗ ಓಡಿದರೆ, ಅವಳು ಅದನ್ನು ಒಪ್ಪಿದ್ದಾಳೆ ಎಂದಾಗುತ್ತದೆಯೇ? 2004ರಲ್ಲಿ ಹಾಲ್ ಆರ್ಕ್ಸ್ ಮತ್ತು ಫಿಲಿಪ್ ಟೆಟ್ಲಾಕ್ ಇದೇ ಪ್ರಶ್ನೆ ಎತ್ತಿದರು. ಕರಿಯರ ಹಕ್ಕುಗಳಿಗಾಗಿ ಬಾಳು ಸವೆಸಿದ ಜೆಸ್ಸಿ ಜಾಕ್ಸನ್ ಕೂಡ ಈ ಪರೀಕ್ಷೆಯಲ್ಲಿ ಸೋಲಬಹುದಲ್ಲವೇ ಎಂಬ ಅರ್ಥದ ತಲೆಬರಹವನ್ನೇ ಕೊಟ್ಟಿದ್ದರು. ನೀನು ತೆಗೆದುಕೊಂಡ ಪರೀಕ್ಷೆಯಲ್ಲಿ ಗಂಡಸರಷ್ಟೇ ಹೆಂಗಸರೂ ಇದೇ ಒಲವು ತೋರಿಸುತ್ತಾರೆ ಎಂಬುದು ವರ್ಷಗಳಿಂದ ಗೊತ್ತಿರುವ ಸಂಗತಿ. ಊರಿನ ಗಾಳಿ ನಿನ್ನ ಬೆರಳಿಗೂ ತಾಗಿದೆ, ಅಷ್ಟೇ. ಆ ಗಾಳಿಗೆ ಎದುರಾಗಿ ನೀನು ಮಾಡಿದ ಕೆಲಸ ಯಾವುದನ್ನೂ ಆ ಕೀಲಿ ಅಳೆಯಲಿಲ್ಲ.

ಗಾಳಿಯನ್ನು ಅಳೆಯುವ ವಿಷಯಕ್ಕೆ ಬಂದರೆ ಇದೇ ಪರೀಕ್ಷೆ ಎಷ್ಟು ಉಪಯುಕ್ತ ಎಂಬುದಕ್ಕೆ ನಮ್ಮ ದೇಶದ್ದೇ ಒಂದು ಅಧ್ಯಯನ ಇದೆ. ಅದನ್ನು ನಿನಗೆ ಹೇಳಲೇಬೇಕು, ನನಗೆ ಬಹಳ ಹಿಡಿಸಿದ ಕೆಲಸ ಅದು. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆ. ಅಲ್ಲಿ 1998ರಿಂದ ಮೂರರಲ್ಲಿ ಒಂದು ಗ್ರಾಮ ಪಂಚಾಯತಿಯ ಪ್ರಧಾನ ಹುದ್ದೆ ಹೆಂಗಸರಿಗೆ ಮೀಸಲಾಗಿತ್ತು, ಯಾವ ಪಂಚಾಯತಿ ಎಂಬುದು ಸರದಿಯ ಲೆಕ್ಕದಲ್ಲಿ ಬೀಳುತ್ತಿತ್ತು. ಯಾರ ಇಷ್ಟಾನಿಷ್ಟವೂ ಅದರಲ್ಲಿ ಇರಲಿಲ್ಲವಾದ್ದರಿಂದ ಹೋಲಿಕೆಗೆ ಹೇಳಿ ಮಾಡಿಸಿದ ಹಾಗಿತ್ತು. ಲೋರಿ ಬೀಮನ್, ರಾಘವೇಂದ್ರ ಚಟ್ಟೋಪಾಧ್ಯಾಯ, ಎಸ್ತರ್ ಡುಫ್ಲೊ, ರೋಹಿಣಿ ಪಾಂಡೆ, ಪೆಟಿಯಾ ಟೊಪಲೋವಾ ಹಳ್ಳಿಗಳಿಗೆ ಹೋದರು. ಓದು ಬಾರದವರಿಗೂ ಆಗುವಂತೆ ಚಿತ್ರ ಮತ್ತು ಧ್ವನಿ ಬಳಸಿ ಐಎಟಿ ಮಾಡಿಸಿದರು. ಅದರ ಜೊತೆಗೆ ಪಂಚಾಯತಿ ಸಭೆಯ ಭಾಷಣವೊಂದನ್ನು ಕೇಳಿಸಿದರು. ಮಾತು ಒಂದೇ, ಕೆಲವರಿಗೆ ಗಂಡು ದನಿಯಲ್ಲಿ, ಕೆಲವರಿಗೆ ಹೆಣ್ಣು ದನಿಯಲ್ಲಿ.

ಹೆಣ್ಣು ಪ್ರಧಾನರನ್ನು ಕಾಣದ ಹಳ್ಳಿಗಳ ಗಂಡಸರು ಹೆಣ್ಣು ದನಿಯ ಭಾಷಣಕ್ಕೆ ಕಡಿಮೆ ಅಂಕ ಕೊಟ್ಟರು. ಮೀಸಲಾತಿಯಿಂದ ಹೆಣ್ಣು ಪ್ರಧಾನರಾಗಿದ್ದ ಹಳ್ಳಿಗಳಲ್ಲಿ ಆ ತಾರತಮ್ಯ ಉಳಿದಿರಲಿಲ್ಲ. ಐಎಟಿಯ ಫಲಿತಾಂಶ ಇನ್ನೂ ಕುತೂಹಲದ್ದು. ‘ನಾಯಕಿ ಇಷ್ಟವೋ, ನಾಯಕ ಇಷ್ಟವೋ’ ಎಂಬ ಒಲವು ಕದಲಲಿಲ್ಲ, ಗಂಡಸರೇ ಇಷ್ಟ ಎಂದೇ ಉಳಿಯಿತು. ಆದರೆ ‘ಹೆಂಗಸು ಎಂದರೆ ಮನೆಗೆಲಸ, ಗಂಡಸು ಎಂದರೆ ಮುಂದಾಳ್ತನ’ ಎಂಬ ಜೋಡಣೆ, ಹೆಣ್ಣು ಪ್ರಧಾನರನ್ನು ಕಂಡ ಗಂಡಸರಲ್ಲಿ ಸಡಿಲವಾಗಿತ್ತು. ಎರಡು ಸಲ ಮೀಸಲಾತಿ ಬಂದ ಪಂಚಾಯತಿಗಳಲ್ಲಿ ಮುಂದೆ ಮೀಸಲಾತಿ ಇಲ್ಲದ ಸ್ಥಾನಗಳಿಗೂ ಹೆಂಗಸರು ಹೆಚ್ಚಾಗಿ ನಿಂತರು, ಗೆದ್ದರು. 2009ರಲ್ಲಿ ಇದು ಪ್ರಕಟವಾಯಿತು. ಗಮನಿಸು, ಇಲ್ಲಿ ಯಾವ ಹಳ್ಳಿಗನಿಗೂ ‘ನಿನ್ನಲ್ಲಿ ಪೂರ್ವಗ್ರಹ ಇದೆ’ ಎಂದು ಚೀಟಿ ಕೊಡಲಿಲ್ಲ. ಇಡೀ ಪಂಚಾಯತಿಗಳನ್ನು ಇಡೀ ಪಂಚಾಯತಿಗಳ ಜೊತೆ ಹೋಲಿಸಿದರು, ಐಎಟಿಯೊಂದನ್ನೇ ನಂಬದೆ ಭಾಷಣವನ್ನೂ ಮತವನ್ನೂ ಪಕ್ಕದಲ್ಲಿಟ್ಟು ನೋಡಿದರು. ಪರೀಕ್ಷೆಯನ್ನು ಬಳಸಬೇಕಾದ ರೀತಿ ಇದು.

ಇದನ್ನು ಓದುವಾಗ ನನಗೆ ನಮ್ಮ ರಾಜ್ಯದ ನೆನಪಾಗುತ್ತಿತ್ತು. ಸಂವಿಧಾನದ 73ನೇ ತಿದ್ದುಪಡಿ ಬರುವುದಕ್ಕೆ ಎಷ್ಟೋ ಮೊದಲೇ, ರಾಮಕೃಷ್ಣ ಹೆಗಡೆ ಸರ್ಕಾರದ ಕಾಲದಲ್ಲಿ ಅಬ್ದುಲ್ ನಜೀರ್ ಸಾಬ್ ತಂದ 1983ರ ಕಾಯ್ದೆ ಮಂಡಲ ಪಂಚಾಯತಿಗಳಲ್ಲಿ ಶೇಕಡಾ 25 ಸ್ಥಾನ ಹೆಂಗಸರಿಗೆ ಇಟ್ಟಿತ್ತು. 1987ರಲ್ಲಿ ಚುನಾವಣೆ ಆಯಿತು. 1993ರ ಕಾಯ್ದೆಯಲ್ಲಿ ಮೂರನೇ ಒಂದು ಭಾಗ, 2010ರಲ್ಲಿ ಅರ್ಧ. ಗಂಡನೋ ಮಗನೋ ಪಕ್ಕದಲ್ಲಿ ಕೂತು ಆಡಳಿತ ನಡೆಸುತ್ತಾನೆ ಎಂಬ ದೂರು ಇತ್ತು, ಈಗಲೂ ಇದೆ. ಆದರೂ ಪಂಚಾಯತಿಯ ಮೇಜಿನ ಆಚೆ ಹೆಂಗಸೊಬ್ಬಳು ಕೂತಿರುವುದನ್ನು ನೋಡುತ್ತ ಒಂದು ಪೀಳಿಗೆಯೇ ಬೆಳೆದಿದೆ. ಯಾರ ಮನಸ್ಸನ್ನೂ ತಿದ್ದುತ್ತೇವೆ ಎಂದು ನಜೀರ್ ಸಾಬರು ಹೊರಟಿರಲಿಲ್ಲ. ಕುರ್ಚಿ ಕೊಡಿಸಿದರು.

ಇಷ್ಟೆಲ್ಲ ಗೊತ್ತಿದ್ದೂ ಒಬ್ಬೊಬ್ಬರ ಮನಸ್ಸನ್ನೇ ಯಂತ್ರದಿಂದ ಓದುವ ಆಸೆ ಏಕೆ ಹೋಗುವುದಿಲ್ಲ? ಈ ಆಸೆಗೆ ನಿನ್ನ ಬೆಂಗಳೂರಿನಲ್ಲಿ ಒಂದು ಹಳೆಯ ಅಧ್ಯಾಯ ಇದೆ. ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯ ಒಂದು ಕಾಲದಲ್ಲಿ ದೇಶದ ನಾರ್ಕೋ ಪರೀಕ್ಷೆಯ ಕೇಂದ್ರವೇ ಆಗಿತ್ತು. ಛಾಪಾ ಕಾಗದ ಹಗರಣದ ತೆಲಗಿ ಮಂಪರಿನಲ್ಲಿ ಮಾತಾಡುವುದನ್ನು ಟಿವಿಯಲ್ಲಿ ಮನೆಮನೆಯೂ ನೋಡಿತು. ಮದ್ದು ಕೊಟ್ಟರೆ ನಿಜ ಹೊರಬರುತ್ತದೆ ಎಂದು ಜನ ನಂಬಿದ್ದರು. ಅದರ ಜೊತೆಜೊತೆಗೇ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಸಿ. ಆರ್. ಮುಕುಂದನ್ ಮೆದುಳಿನ ವಿದ್ಯುತ್ ಅಲೆಗಳಿಂದ ನೆನಪನ್ನು ಗುರುತಿಸುವ ವಿಧಾನವೊಂದನ್ನು ರೂಪಿಸಿದರು. 2008ರಲ್ಲಿ ಪುಣೆಯ ನ್ಯಾಯಾಲಯ ಆ ಅಲೆಗಳನ್ನೂ ಸಾಕ್ಷ್ಯವಾಗಿ ಪರಿಗಣಿಸಿ ಒಬ್ಬ ಯುವತಿಗೆ ಶಿಕ್ಷೆ ಕೊಟ್ಟಿತು, ಲೋಕದ ಪತ್ರಿಕೆಗಳೆಲ್ಲ ಬೆಚ್ಚಿ ಬರೆದವು. ಅದೇ ವರ್ಷ ನಿಮ್ಹಾನ್ಸ್‌ನ ನಿರ್ದೇಶಕರಾಗಿದ್ದ ಡಾ. ಡಿ. ನಾಗರಾಜ ಅವರ ಸಮಿತಿ ಈ ವಿಧಾನಕ್ಕೆ ವೈಜ್ಞಾನಿಕ ತಳಹದಿ ಇಲ್ಲ, ಇದನ್ನು ಸಾಕ್ಷ್ಯವಾಗಿ ಬಳಸಬಾರದು ಎಂದು ವರದಿ ಕೊಟ್ಟಿತು. ಬಳಿಕ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಮೊಕದ್ದಮೆಯಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ನಾರ್ಕೋ, ಸುಳ್ಳು ಪತ್ತೆ, ಮೆದುಳಿನ ಅಲೆ, ಈ ಮೂರನ್ನೂ ಒಬ್ಬರ ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ ಎಂದಿತು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳದಿರುವ 20(3)ನೇ ವಿಧಿಯ ಹಕ್ಕನ್ನೂ ಬದುಕು ಮತ್ತು ಸ್ವಾತಂತ್ರ್ಯದ 21ನೇ ವಿಧಿಯನ್ನೂ ಅದಕ್ಕೆ ಆಧಾರವಾಗಿ ಇಟ್ಟುಕೊಂಡಿತು.

ನಿನ್ನ ಕಂಪನಿಯ ಪರೀಕ್ಷೆ ಪೊಲೀಸರದ್ದಲ್ಲ, ಗೊತ್ತು. ಅಲ್ಲಿ ಮುಚ್ಚಿಟ್ಟದ್ದನ್ನು ಹೊರಗೆಳೆಯುವ ಪ್ರಯತ್ನ, ಇಲ್ಲಿ ನಿನಗೇ ಗೊತ್ತಿಲ್ಲದ್ದನ್ನು ಹೇಳುವ ಪ್ರಯತ್ನ. ಆದರೆ ಎರಡರಲ್ಲೂ ಯಂತ್ರ ‘ನಿನ್ನ ಮನಸ್ಸು ನಿನಗಿಂತ ನನಗೆ ಚೆನ್ನಾಗಿ ಗೊತ್ತು’ ಎನ್ನುತ್ತದೆ. ಆ ಮಾತು ಹೇಳುವ ಯಾವುದೇ ಸಾಧನದಿಂದ ದೊಡ್ಡ ಪುರಾವೆಯನ್ನೇ ಕೇಳಬೇಕು. ‘ಕಡ್ಡಾಯ’ ಎಂದು ಪರೀಕ್ಷೆ ಮಾಡಿಸಿ ಅಂಕವನ್ನು ಮಾನವ ಸಂಪನ್ಮೂಲ ವಿಭಾಗ ತನ್ನ ಕಡತದಲ್ಲಿ ಇಟ್ಟುಕೊಂಡಿದೆ ಎಂದು ಬರೆದಿದ್ದೀಯಲ್ಲ, ಅದು ನನಗೆ ಅಂಕಕ್ಕಿಂತ ಹೆಚ್ಚು ಕಳವಳದ ಸಂಗತಿ.

ಈಗ ನನ್ನನ್ನು ನಿಜವಾಗಿ ಕಾಡುವ ಮಾತಿಗೆ ಬರುತ್ತೇನೆ. ನಮ್ಮ ದೇಶದಲ್ಲಿ ಪೂರ್ವಗ್ರಹವನ್ನು ಹುಡುಕಲು ಅಷ್ಟು ಆಳಕ್ಕೆ ಇಳಿಯಬೇಕಾಗಿಯೇ ಇಲ್ಲ. ಅದು ಬಾಗಿಲಲ್ಲೇ ನಿಂತಿರುತ್ತದೆ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ‘ನೀವು ಯಾವ ಜನ?’ ಎಂದು ಕೇಳುವ ಮಾಲೀಕನ ಅರಿವಿಗೆ ಏನು ಕೊರತೆ? ಅವನಿಗೆ ಚೆನ್ನಾಗಿ ಗೊತ್ತಿದೆ. 2005ರಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ ಸುಖದೇವ್ ಥೋರಾಟ್ ಮತ್ತು ಪಾಲ್ ಅಟ್ಟೆವೆಲ್ ಇಂಗ್ಲಿಷ್ ಪತ್ರಿಕೆಗಳಲ್ಲಿ ಬಂದ ಖಾಸಗಿ ಉದ್ಯೋಗದ ಜಾಹೀರಾತುಗಳಿಗೆ ಸಾವಿರಾರು ಅರ್ಜಿ ಕಳಿಸಿದರು. ಓದು, ಅನುಭವ ಎಲ್ಲ ಒಂದೇ, ಹೆಸರು ಮಾತ್ರ ಬೇರೆ. ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿನ ಅರ್ಜಿಗೆ ಕರೆ ಬರುವ ಸಂಭವ ಸುಮಾರು ಮೂರನೇ ಎರಡು ಪಾಲು, ಮುಸ್ಲಿಂ ಹೆಸರಿನದಕ್ಕೆ ಸುಮಾರು ಮೂರನೇ ಒಂದು ಪಾಲು. 2007ರಲ್ಲಿ ಪ್ರಕಟವಾದ ಈ ಅಧ್ಯಯನಕ್ಕೆ ಯಾರ ಮನಸ್ಸಿನೊಳಗೂ ಇಣುಕುವ ಅಗತ್ಯ ಬೀಳಲಿಲ್ಲ. ಯಾರಿಗೆ ಕರೆ ಹೋಯಿತು, ಯಾರಿಗೆ ಹೋಗಲಿಲ್ಲ ಎಂದು ಎಣಿಸಿದರೆ ಸಾಕಾಯಿತು. ಅದು ಅರಿವಿದ್ದು ಮಾಡಿದ್ದೋ ಇಲ್ಲದೆ ಮಾಡಿದ್ದೋ, ಕರೆ ಬಾರದೆ ಕೂತ ಹುಡುಗನಿಗೆ ಏನು ವ್ಯತ್ಯಾಸ?

ಎಲ್ಲಕ್ಕೂ ‘ಅರಿವಿಲ್ಲದ್ದು’ ಎಂಬ ಹೆಸರು ಕೊಡುವುದರಲ್ಲಿ ಒಂದು ಅಪಾಯವೂ ಇದೆ. ಯೇಲ್ ವಿಶ್ವವಿದ್ಯಾಲಯದ ಜೆನಿಫರ್ ರಿಚೆಸನ್ ಅವರ ಬಳಗ 2019ರಲ್ಲಿ ತೋರಿಸಿದ್ದು ಇದನ್ನೇ: ತಾರತಮ್ಯ ಅರಿವಿಲ್ಲದೆ ನಡೆದದ್ದು ಎಂದು ಹೇಳಿದಾಗ, ಓದಿದವರು ತಪ್ಪಿತಸ್ಥರನ್ನು ಕಡಿಮೆ ಹೊಣೆ ಮಾಡುತ್ತಾರೆ, ಶಿಕ್ಷೆಯೂ ಕಡಿಮೆ ಸಾಕು ಎನ್ನುತ್ತಾರೆ. ನಿನ್ನಂಥ ಪ್ರಾಮಾಣಿಕರು ಅಂಕ ನೋಡಿ ನಿದ್ದೆಗೆಡುತ್ತಾರೆ. ಗೊತ್ತಿದ್ದೇ ಮಾಡುವವರು ‘ಎಲ್ಲರಲ್ಲೂ ಇರುವುದೇ ತಾನೇ’ ಎಂದು ಎದ್ದು ಹೋಗುತ್ತಾರೆ. ಈ ಅನ್ಯಾಯ ನನಗೆ ಸಹಿಸಲಾಗುವುದಿಲ್ಲ.

ನಮ್ಮೂರನ್ನೇ ನೋಡು. ಕೊಡವರು, ಅರೆಭಾಷೆ ಗೌಡರು, ಮಲಯಾಳಿಗಳು, ಮಾಪಿಳ್ಳೆಗಳು, ತಮಿಳರು, ಯರವರು, ಜೇನುಕುರುಬರು, ಈಗ ಅಸ್ಸಾಂ ಕಡೆಯಿಂದ ಬಂದ ಕೂಲಿಯವರು. ಸಂತೆಯ ದಿನ ಗೋಣಿಕೊಪ್ಪಲಿನ ಪೇಟೆಯಲ್ಲಿ ಇಷ್ಟು ಜನ ಭುಜಕ್ಕೆ ಭುಜ ತಾಗಿಸಿ ನಡೆಯುತ್ತಾರೆ. ಇವರ ಒಳಮನಸ್ಸಿನಲ್ಲಿ ಒಬ್ಬರ ಬಗ್ಗೆ ಒಬ್ಬರಿಗೆ ಏನಿದೆ ಎಂದು ಲ್ಯಾಪ್‌ಟಾಪ್ ಹಿಡಿದು ಅಳೆಯಬಹುದು. ಆದರೆ ತೋಟದ ಮಾಲೀಕನೊಬ್ಬನ ಐಎಟಿ ಅಂಕ ಸೊನ್ನೆ ಬಂತು ಎಂದಿಟ್ಟುಕೋ. ಅವನ ಲೈನ್ ಮನೆಯಲ್ಲಿ ಯರವ ಕುಟುಂಬಕ್ಕೆ ಕೊಟ್ಟ ಕೋಣೆ ಎಂಥದ್ದು, ಚೆಕ್‌ರೋಲ್‌ನಲ್ಲಿ ಹೆಣ್ಣಾಳಿಗೂ ಗಂಡಾಳಿಗೂ ಬರೆದ ಕೂಲಿ ಎಷ್ಟು, ಮುಂಗಡದ ಸಾಲ ತೀರದೆ ತೋಟ ಬಿಡಲಾಗದವರು ಯಾರು ಎಂಬ ಪ್ರಶ್ನೆಗಳಿಗೆ ಆ ಸೊನ್ನೆ ಉತ್ತರ ಕೊಡುವುದಿಲ್ಲ. ಚೆಕ್‌ರೋಲ್ ಕೊಡುತ್ತದೆ.

ಮೇ ತಿಂಗಳ ದೇವರಪುರದ ಕುಂಡೆ ಹಬ್ಬ ನಿನಗೆ ಮರೆತಿರಲಿಕ್ಕಿಲ್ಲ. ಬಣ್ಣ ಬಳಿದು ಹರಿದ ವೇಷ ಹಾಕಿದ ಯರವರು, ಜೇನುಕುರುಬರು ಡಬ್ಬ ಬಡಿಯುತ್ತ ಗೋಣಿಕೊಪ್ಪಲಿನ ಅಂಗಡಿಗಳ ಮುಂದೆ, ಬಸ್ಸು ಕಾರುಗಳ ಮುಂದೆ ಬಂದು ಕಾಸು ಕೇಳುತ್ತಾರೆ, ಧಣಿಯೆನ್ನದೆ ಅಂಗಡಿಯವರೆನ್ನದೆ ಬೈಯುತ್ತಾರೆ. ಬೈಸಿಕೊಂಡವರು ಸಿಟ್ಟು ಮಾಡಿಕೊಳ್ಳುವಂತಿಲ್ಲ. ಹೊರಗಿನವರಿಗೆ ಅದು ಮೋಜಿನ ಸುದ್ದಿ. ಹರಕೆಯ, ಭಕ್ತಿಯ ಬೇರೆಯೇ ಅರ್ಥ ಅದಕ್ಕಿದೆ, ಅದನ್ನು ಬಲ್ಲವರು ಅವರೇ. ನನಗೆ ಮಾತ್ರ ಪ್ರತಿ ವರ್ಷ ಒಂದೇ ಯೋಚನೆ ಬರುತ್ತದೆ: ವರ್ಷದ ಉಳಿದ ದಿನಗಳಲ್ಲಿ ಇವರನ್ನು ಯಾರು ಹೇಗೆ ಕಂಡರು ಎಂದು ಇವರನ್ನೇ ಕೂರಿಸಿ ಕೇಳಿದವರು ಎಷ್ಟು ಜನ? ಪೂರ್ವಗ್ರಹದ ಅಳತೆಯನ್ನು ಅದನ್ನು ಹೊತ್ತವನ ಬೆರಳ ತುದಿಯಲ್ಲಿ ಹುಡುಕುತ್ತೇವೆ. ಅದರ ಏಟು ತಿಂದವರ ಹತ್ತಿರ ಅದು ದಿನ, ಜಾಗ, ಹೆಸರಿನ ಸಮೇತ ಇರುತ್ತದೆ.

ಏಟು ತಿಂದವರ ಒಳಗೂ ಅದು ಇಳಿಯುತ್ತದೆ ಎಂಬುದು ಬೇರೆ ಮಾತು. ರೆಮಾ ಹನ್ನಾ ಮತ್ತು ಲೀ ಲಿಂಡೆನ್ ನಮ್ಮ ದೇಶದ ಒಂದು ನಗರದಲ್ಲಿ ಮಕ್ಕಳಿಗೆ ಪರೀಕ್ಷೆ ಇಟ್ಟು, ಉತ್ತರ ಪತ್ರಿಕೆಗಳ ಮೊದಲ ಪುಟದಲ್ಲಿ ಜಾತಿಯನ್ನು ಚೀಟಿ ಎತ್ತಿದ ಹಾಗೆ ಬರೆದು ಶಿಕ್ಷಕರಿಗೆ ಮೌಲ್ಯಮಾಪನಕ್ಕೆ ಕೊಟ್ಟರು. ಕೆಳಜಾತಿ ಎಂದು ಬರೆದ ಪತ್ರಿಕೆಗೆ ಅಂಕ ಕಡಿಮೆ ಬಿತ್ತು. ಕಡಿಮೆ ಕೊಟ್ಟವರು ಹೆಚ್ಚಾಗಿ ಕೆಳಜಾತಿಯ ಶಿಕ್ಷಕರೇ. ಇದನ್ನು ಓದಿದಾಗ ನಿನ್ನ ನೆನಪಾಯಿತು, ಅದಕ್ಕೇ ಬರೆದೆ. ಇದಕ್ಕೆ ಮದ್ದು ಆ ಶಿಕ್ಷಕರನ್ನು ಕೂರಿಸಿ ಅವರ ಮನಸ್ಸಿನ ಬಗ್ಗೆ ಉಪನ್ಯಾಸ ಕೊಡುವುದಲ್ಲ. ಮೊದಲ ಪುಟದಿಂದ ಹೆಸರು, ಜಾತಿ ತೆಗೆದು ಕೋಡ್ ನಂಬರ್ ಹಾಕುವುದು. ನಮ್ಮ ವಿಶ್ವವಿದ್ಯಾಲಯಗಳ ಮೌಲ್ಯಮಾಪನದಲ್ಲಿ ಇದನ್ನು ಎಂದೋ ಮಾಡಿದ್ದಾರೆ.

ಉಪನ್ಯಾಸದ ಫಲ ಎಷ್ಟು ದಿನ ನಿಲ್ಲುತ್ತದೆ ಎಂದು ಕೂಡ ನೋಡಿದ್ದಾರೆ. ಕ್ಯಾಲ್ವಿನ್ ಲೈ ಎಂಬ ಸಂಶೋಧಕರು ಹಲವರ ಜೊತೆ ಸೇರಿ, ಐಎಟಿ ಅಂಕವನ್ನು ಕೂಡಲೆ ತಗ್ಗಿಸುತ್ತವೆ ಎಂದು ಗೊತ್ತಾಗಿದ್ದ ಒಂಬತ್ತು ಉಪಾಯಗಳನ್ನು ಮತ್ತೆ ಪರೀಕ್ಷಿಸಿದರು. ಕೆಲವು ಗಂಟೆಗಳಿಂದ ಕೆಲವು ದಿನಗಳೊಳಗೆ ಒಂದರ ಪರಿಣಾಮವೂ ಉಳಿಯಲಿಲ್ಲ, 2016ರ ಮಾತಿದು. 2019ರಲ್ಲಿ ಪ್ಯಾಟ್ರಿಕ್ ಫೋರ್ಷರ್ ಮತ್ತು ಸಂಗಡಿಗರು 492 ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಅಂಕ ಬದಲಾದರೂ ನಡವಳಿಕೆ ಅದರ ಹಿಂದೆ ಬದಲಾಗುವುದು ಕಾಣಲಿಲ್ಲ. ಆದರೆ ಸಮಾಜ ಬದಲಾದಾಗ ಅಂಕವೂ ಬದಲಾಗುತ್ತದೆ. ಟೆಸ್ಸಾ ಚಾರ್ಲ್ಸ್‌ವರ್ತ್ ಮತ್ತು ಬಾನಾಜಿ 2007ರಿಂದ 2016ರವರೆಗೆ ಅಮೆರಿಕದಲ್ಲಿ ತೆಗೆದುಕೊಂಡ ಸುಮಾರು 44 ಲಕ್ಷ ಪರೀಕ್ಷೆಗಳನ್ನು ನೋಡಿದಾಗ, ಸಲಿಂಗಿಗಳ ಬಗೆಗಿನ ಪೂರ್ವಗ್ರಹ ಸುಮಾರು ಮೂರನೇ ಒಂದು ಭಾಗ ಇಳಿದಿತ್ತು. ಅದೇ ಅವಧಿಯಲ್ಲಿ ದಪ್ಪ ಮೈಯವರ ಬಗೆಗಿನದು ಏರಿತ್ತು. ಒಬ್ಬರ ಅಂಕ ದಿನಕ್ಕೊಂದಾದರೂ ಲಕ್ಷಗಟ್ಟಲೆ ಜನರ ಅಂಕ ಕಾಲದ ಗತಿಯನ್ನು ಹೀಗೆ ತೋರಿಸಬಲ್ಲದು. ಅದಕ್ಕಾಗಿ ಈ ಪರೀಕ್ಷೆ ಉಳಿಯಬೇಕು ಎಂದು ನನ್ನ ಆಸೆ.

ಮುಂದಿನ ವಾರ ಆ ತರಬೇತಿಯ ಸಭೆ ಇದೆ ಎಂದಿದ್ದೀಯ. ಹೋಗು. ಅಂಕದ ಬಗ್ಗೆ ವಿವರಣೆ ಕೊಡಲು ಹೋಗಬೇಡ, ಕ್ಷಮೆಯಂತೂ ಬೇಡವೇ ಬೇಡ. ಮೊದಲು ಎಲ್ಲರ ವೈಯಕ್ತಿಕ ಅಂಕಗಳನ್ನು ಕಡತದಿಂದ ಅಳಿಸಿ ಎಂದು ಕೇಳು. ಬೇಕಿದ್ದರೆ ಹೆಸರಿಲ್ಲದ ಒಟ್ಟು ಸರಾಸರಿ ಇಟ್ಟುಕೊಳ್ಳಲಿ. ಆಮೇಲೆ ಕಳೆದ ಐದು ವರ್ಷಗಳ ಲೆಕ್ಕ ಕೇಳು. ಒಂದೇ ಹುದ್ದೆಯಲ್ಲಿ ಹೆಂಗಸರ ಸಂಬಳ, ಗಂಡಸರ ಸಂಬಳ. ಬಾಣಂತನದ ರಜೆಯಿಂದ ಮರಳಿದವರಲ್ಲಿ ಎರಡು ವರ್ಷದೊಳಗೆ ಬಡ್ತಿ ಸಿಕ್ಕಿದ್ದು ಎಷ್ಟು ಜನಕ್ಕೆ. ಅರ್ಜಿ ಹಾಕಿದವರ ಪೈಕಿ ಸಂದರ್ಶನಕ್ಕೆ ಕರೆದದ್ದು ಯಾರನ್ನು. ಮೊದಲ ಸುತ್ತಿನಲ್ಲಿ ಅರ್ಜಿಯಿಂದ ಹೆಸರು, ಊರು, ಫೋಟೊ ತೆಗೆದಿಡಲು ಆಗುತ್ತದೆಯೇ ಎಂದೂ ಕೇಳು. ಪರೀಕ್ಷೆಗೆ ಹಣ ಖರ್ಚು ಮಾಡಿದವರಿಗೆ ಈ ಲೆಕ್ಕಕ್ಕೆ ಹೆಚ್ಚು ಖರ್ಚಾಗುವುದಿಲ್ಲ, ಎಲ್ಲವೂ ಅವರ ಕಂಪ್ಯೂಟರಿನಲ್ಲೇ ಇದೆ. ಕೊಡುವುದಿಲ್ಲ ಎಂದರೆ ಯಾವ ಕಾರಣ ಕೊಟ್ಟರು ಎಂದು ಅವರ ಮಾತಿನಲ್ಲೇ ಬರೆದುಕೊಂಡು ನನಗೆ ಕಳಿಸು. ಕೊಟ್ಟರೆ ಇಬ್ಬರೂ ಕೂತು ಓದೋಣ, ಹುತ್ತರಿಗೆ ಊರಿಗೆ ಬರುವವಳಿದ್ದೀಯಲ್ಲ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಪ್ರೀತಿಯಿಂದ,
ನಿನ್ನ ಗೆಳತಿ